ಕಾನೂನು ಶಾಲೆಯ ಪ್ರವೇಶ ಪರೀಕ್ಷೆ: ಅದು ನಮಗೋ, ಅಲ್ಲವೋ?

(ರಾಯಾಪುರದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಈಗಷ್ಟೇ ವಾರದ ಉಳಿತಾಯ ಎಣಿಸಿ, ಪುಸ್ತಕಕ್ಕೆ ಬರೆದು, ಸಹಿ ಹಾಕಿ ಮುಗಿಸಿದ್ದೀರಿ. ಮನೆಯಲ್ಲಿ ಇನ್ನೂ ರೊಟ್ಟಿ ಬಡಿಯುವುದು ಬಾಕಿ ಇದೆ ಎಂಬುದು ನಿಮ್ಮ ಮುಖ ನೋಡಿದರೇ ತಿಳಿಯುತ್ತದೆ. ಆದ್ದರಿಂದ ಸುತ್ತು ಬಳಸದೆ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ನಿಮ್ಮಲ್ಲೊಬ್ಬರು ನನ್ನ ಮನೆಗೆ ಬಂದಿದ್ದರು. "ಅಕ್ಕಾರ, ನನ್ನ ಮಗಳು ಪಿಯುಸಿ ಮೊದಲನೇ ವರ್ಷ ಓದಾಕತ್ತಾಳ. ವಕೀಲಕಿ ಕಲೀತೀನಿ, ಅದಕ್ಕ ಕ್ಲ್ಯಾಟ್ ಅಂತ ಒಂದು ಪರೀಕ್ಷಾ ಐತಿ, ಈಗಿಂದನ ತಯಾರಿ ಮಾಡಬೇಕು ಅಂತಾಳ. ಅವರಪ್ಪ, ಅದೆಲ್ಲಾ ಇಂಗ್ಲಿಷ್ ಸಾಲಿ ಮಕ್ಕಳಿಗೆ, ನಮ್ಮಂಥವರಿಗಲ್ಲ ಅಂತಾರ. ನೀವ ಹೇಳ್ರಿ, ಅದು ನಮಗೋ ಅಲ್ಲೋ?" ಎಂದು ಕೇಳಿದರು.

ಒಂದು ಮಾತಿನಲ್ಲಿ ಉತ್ತರ ಹೇಳಿ, ಚಹಾ ಕುಡಿಸಿ ಕಳಿಸಬಹುದಿತ್ತು. ಆದರೆ ಇಂಥದೇ ಪ್ರಶ್ನೆಗೆ ಹಿಂದೊಮ್ಮೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ತಪ್ಪು ಮಾಡಿದವಳು ನಾನು. ಅದನ್ನು ಮೊದಲು ಹೇಳಿಬಿಡುತ್ತೇನೆ.

1994ರ ಮಾತು. ನಾನು ಆಗ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದೆ. ಬಿ.ಎ. ಕೊನೆಯ ವರ್ಷದ ಒಬ್ಬ ಹುಡುಗಿ ತರಗತಿ ಮುಗಿದ ಮೇಲೆ ನಿಂತುಕೊಂಡು, "ಮುಂದ ಲಾ ಓದಲೇನ್ರಿ ಮೇಡಂ?" ಎಂದು ಕೇಳಿದಳು. ಸಂವಿಧಾನದ ಪಾಠವನ್ನು ಅವಳಷ್ಟು ಲಕ್ಷ್ಯಗೊಟ್ಟು ಕೇಳುವವರು ಆ ತರಗತಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ನಾನು ಹೇಳಿದ್ದು ಇಷ್ಟು: "ಕೋರ್ಟಿನಾಗ ಹೆಣ್ಣುಮಕ್ಕಳು ಏಗೋದು ಕಠಿಣ ಐತವ್ವ. ಬಿ.ಎಡ್. ಮಾಡು, ಮನೀ ಹತ್ತಿರದ ಸಾಲ್ಯಾಗ ನೌಕರಿ ಸಿಕ್ಕೀತು." ಸಮಾನತೆಯ ಹಕ್ಕಿನ ಮೇಲೆ ಮುಕ್ಕಾಲು ಗಂಟೆ ಪಾಠ ಮಾಡಿ ಹೊರಗೆ ಬಂದು ಆಡಿದ ಮಾತಿದು. ಅವಳು ಬಿ.ಎಡ್. ಕೂಡ ಮಾಡಲಿಲ್ಲ. ಪರೀಕ್ಷೆ ಮುಗಿದ ಮೇ ತಿಂಗಳಲ್ಲೇ ಮದುವೆಯಾಯಿತು.

ಐದು ವರ್ಷದ ಮೇಲೆ ಒಂದು ಸಂಜೆ, ಬಗಲಲ್ಲಿ ಕೂಸು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಮದುವೆಯಲ್ಲಿ ಕೊಟ್ಟದ್ದು ಸಾಲದೆಂದು ಹೊಡೆತ, ಬಡಿತ, ತವರಿಗೆ ಅಟ್ಟುವುದು, ಹಿರಿಯರು ಕೂತು ಬುದ್ಧಿ ಹೇಳಿ ತಿರುಗಿ ಕಳಿಸುವುದು. ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ಒಂದು ರಾಜಿ ಪತ್ರವಾಗಿತ್ತು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಎರಡು ಹಾಳೆ. ಹಿರಿಯರ ಮುಂದೆ, ಸರಸರ ಹಾಳೆ ತಿರುವಿ, ಬೆರಳಿಟ್ಟು ತೋರಿಸಿದಲ್ಲಿ ಅವಳು ಸಹಿ ಮಾಡಿದ್ದಳು. "ಬಂಗಾರ ಯಾವಾಗ ಕೊಡ್ತಾರ ಅಂತ ಇದರಾಗ ಬರದೈತೇನ್ರಿ, ನೋಡ್ರಿ ಮೇಡಂ" ಎಂದು ನನ್ನ ಕೈಗೆ ಕೊಟ್ಟಳು.

ಓದಿದೆ. ಎರಡನೇ ಹಾಳೆಯ ನಾಲ್ಕನೇ ಪ್ಯಾರಾದಲ್ಲಿ ಹೀಗಿತ್ತು: ಮದುವೆಯಲ್ಲಿ ಕೊಟ್ಟ ಬಂಗಾರ, ಭಾಂಡೆ, ನಗದು ಎಲ್ಲವನ್ನೂ ಮರಳಿ ಪಡೆದಿದ್ದೇನೆ, ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ. ಅವಳಿಗೆ ಒಂದು ಗುಂಜಿ ಬಂಗಾರವೂ ಬಂದಿರಲಿಲ್ಲ. ಎಂ.ಎ. ಓದಿದ ನನಗೂ ಆ ಪ್ಯಾರಾ ಎರಡು ಸಲ ಓದಿದ ಮೇಲೆಯೇ ಪೂರ್ತಿ ತಿಳಿಯಿತು. ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವಳು ಅಳಲಿಲ್ಲ. "ನಾ ಸಾವಕಾಶ ಕೂತು ಓದಿದ್ದರ ತಿಳೀತಿತ್ತೇನ್ರಿ?" ಎಂದು ಕೇಳಿದಳು.

ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೆಂದು ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಹೇಳುತ್ತದೆ. 1987ರ ಆ ಕಾಯ್ದೆ 1995ರ ನವೆಂಬರಿನಲ್ಲೇ ಜಾರಿಗೆ ಬಂದಿತ್ತು. 1999ರಲ್ಲಿ ನನ್ನ ಪಡಸಾಲೆಯಲ್ಲಿ ಕೂತ ನಮ್ಮಿಬ್ಬರು ಪದವೀಧರೆಯರಿಗೆ ಅದು ಗೊತ್ತಿರಲಿಲ್ಲ.

ಕ್ಲ್ಯಾಟ್ ಎಂದರೇನು ಎಂದು ನೀವು ಕೇಳಿದಾಗ ನಾನು ಹಳೆಯ ಪ್ರಶ್ನೆಪತ್ರಿಕೆ ತರಿಸಿ ಓದಿದೆ. ಓದುತ್ತ ಹೋದಂತೆ ಆ ನಾಲ್ಕನೇ ಪ್ಯಾರಾ ನೆನಪಾಗುತ್ತಲೇ ಇತ್ತು. ಯಾಕೆಂದರೆ ಆ ಪರೀಕ್ಷೆಯ ಮುಖ್ಯ ಕೆಲಸವೇ ಅದು. ಒಂದು ಬರಹ ಕೊಡುತ್ತಾರೆ, ಗಡಿಯಾರ ಓಡುತ್ತಿರುತ್ತದೆ, ಅದರಲ್ಲಿ ಏನು ಹೇಳಿದೆ, ಏನು ಹೇಳಿಲ್ಲ ಎಂಬುದನ್ನು ನೀವು ಹಿಡಿಯಬೇಕು.

ಈಗ ಪರೀಕ್ಷೆಯ ವಿಷಯ. ಬೆಂಗಳೂರಿನಲ್ಲಿ ನ್ಯಾಷನಲ್ ಲಾ ಸ್ಕೂಲ್ ಇದೆ. 1988ರಲ್ಲಿ ಅಲ್ಲಿ ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಕಾನೂನು ಓದು ಆರಂಭವಾಯಿತು. ಅದನ್ನು ನೋಡಿ ಬೇರೆ ರಾಜ್ಯಗಳಲ್ಲೂ ಅಂಥ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು. ಮೊದಮೊದಲು ಒಂದೊಂದು ಕಡೆಗೂ ಒಂದೊಂದು ಪರೀಕ್ಷೆ, ಒಂದೊಂದು ಫೀ, ಒಂದೊಂದು ಊರಿಗೆ ಓಡಾಟ. ಇದು ಅನ್ಯಾಯವೆಂದು 2006ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಅದರಿಂದಾಗಿ 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಒಂದೇ ಪರೀಕ್ಷೆ ನಡೆಸಿದವು. ಅದೇ ಕ್ಲ್ಯಾಟ್. ಈಗ ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಅದರ ಮೇಲೆ ಪ್ರವೇಶ ಕೊಡುತ್ತವೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ್ದು ಮಾತ್ರ ಬೇರೆ ಪರೀಕ್ಷೆ.

ಪಿಯುಸಿಯಲ್ಲಿ ನೂರಕ್ಕೆ 45, ಪರಿಶಿಷ್ಟ ಜಾತಿ-ಪಂಗಡದವರಿಗೆ 40 ಅಂಕ ಬೇಕು. ಎರಡನೇ ಪಿಯುಸಿ ಓದುತ್ತಿರುವಾಗಲೇ ಬರೆಯಬಹುದು. ಇಷ್ಟೇ ವಯಸ್ಸಿನ ಒಳಗೆ ಬರೆಯಬೇಕೆಂಬ ಮೇಲಿನ ಮಿತಿ ಇಲ್ಲ. ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ನಡೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಡಿಸೆಂಬರಿನ ಒಂದು ರವಿವಾರ ಮಧ್ಯಾಹ್ನ ನಡೆಯುತ್ತಿದೆ. ಅರ್ಜಿ ತುಂಬುವುದು ಮಳೆಗಾಲದಲ್ಲೇ ಶುರುವಾಗುತ್ತದೆ. ಎರಡು ತಾಸು, 120 ಪ್ರಶ್ನೆ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿದರೆ ಕಾಲು ಅಂಕ ಕಡಿತ, ಬಿಟ್ಟರೆ ಏನೂ ಇಲ್ಲ. ಗೊತ್ತಿಲ್ಲದ್ದಕ್ಕೆಲ್ಲ ಕಣ್ಣು ಮುಚ್ಚಿ ಗುರುತು ಹಾಕಿದರೆ ಗಳಿಸಿದ್ದೂ ಹೋಗಬಹುದು. ಸಾಲದ ಮೇಲೆ ಬಡ್ಡಿ ಹೇಗೆ ಏರುತ್ತದೆಂದು ಬಲ್ಲ ನಿಮಗೆ ಈ ಲೆಕ್ಕ ಹೊಸದಲ್ಲ.

ಪ್ರಶ್ನೆಗಳಲ್ಲಿ ಐದು ಭಾಗ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನಿನ ತರ್ಕ, ಸಾಮಾನ್ಯ ತರ್ಕ, ಗಣಿತ. ಗಣಿತ ಹತ್ತನೇ ತರಗತಿ ಮಟ್ಟದ್ದು, ಹತ್ತು ಹನ್ನೆರಡು ಪ್ರಶ್ನೆ ಮಾತ್ರ. ಪ್ರಚಲಿತ ವಿದ್ಯಮಾನ ಮತ್ತು ಕಾನೂನಿನ ತರ್ಕ ಇವೆರಡೇ ಸೇರಿ ಅರ್ಧ ಪತ್ರಿಕೆ. ಕಾನೂನಿನ ಪುಸ್ತಕ ಬಾಯಿಪಾಠ ಮಾಡಿ ಹೋಗಬೇಕಾಗಿಲ್ಲ. ನಿಯಮವನ್ನು ಅವರೇ ಬರಹದಲ್ಲಿ ಕೊಟ್ಟಿರುತ್ತಾರೆ. ಅದನ್ನು ಒಂದು ಸಂಗತಿಗೆ ಹೊಂದಿಸಿ ನೋಡಬೇಕು, ಅಷ್ಟೇ.

ಅಷ್ಟೇ ಎಂದೆ. ಎಷ್ಟು ಎಂಬುದನ್ನು ಇಲ್ಲೇ ನೋಡೋಣ. ನಾನೊಂದು ಪ್ರಶ್ನೆ ಕಟ್ಟಿಕೊಂಡು ಬಂದಿದ್ದೇನೆ. ನಮ್ಮ ವರದಕ್ಷಿಣೆ ಸಾವಿನ ಕಾನೂನು 1986ರಲ್ಲಿ ಭಾರತೀಯ ದಂಡ ಸಂಹಿತೆಯ 304ಬಿ ಕಲಮಾಗಿ ಬಂತು. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆಯಲ್ಲಿ ಅದೇ 80ನೇ ಕಲಮು. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಸುಟ್ಟಗಾಯದಿಂದಲೋ ಬೇರೆ ಅಸಹಜ ರೀತಿಯಲ್ಲೋ ಸತ್ತರೆ, ಸಾಯುವ ಸ್ವಲ್ಪ ಮುಂಚೆ ಗಂಡ ಅಥವಾ ಅವನ ಸಂಬಂಧಿಕರು ವರದಕ್ಷಿಣೆಗಾಗಿ ಅವಳನ್ನು ಹಿಂಸಿಸಿದ್ದು ರುಜುವಾತಾದರೆ, ಅದು ವರದಕ್ಷಿಣೆ ಸಾವು. ಶಿಕ್ಷೆ ಏಳು ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯವರೆಗೂ ಹೋಗಬಹುದು. ಇದು ನಿಯಮ. ಈಗ ಸಂಗತಿ. ಒಬ್ಬಳ ಮದುವೆಯಾಗಿ ಏಳು ವರ್ಷ ಮೂರು ತಿಂಗಳಾಗಿದೆ. ಹಿಂದಿನ ವಾರವಷ್ಟೇ ಮೋಟರ್ ಸೈಕಲ್ಲಿಗೆ ದುಡ್ಡು ತಾ ಎಂದು ಗಂಡ ಹೊಡೆದಿದ್ದಾನೆ. ಅವಳು ಸುಟ್ಟು ಸತ್ತಿದ್ದಾಳೆ. ಈ ಕಲಮು ಅನ್ವಯಿಸುತ್ತದೋ ಇಲ್ಲವೋ?

(ಇಲ್ಲಿ ಸಭೆಯಲ್ಲಿ ಗದ್ದಲವಾಯಿತು. "ಅನ್ವಯಿಸತೈತಿ" ಎಂದವರೇ ಬಹಳ. ಹಿಂದಿನ ಸಾಲಿನ ಹಿರಿಯರೊಬ್ಬರು, "ಏಳಾದರೇನ್ರಿ, ಎಂಟಾದರೇನ್ರಿ, ಸುಟ್ಟಾಕಿ ಸುಟ್ಟಾಕೀನ" ಎಂದರು.)

ಆ ಅಜ್ಜಿಯ ಮಾತು ನನ್ನ ಮನಸ್ಸಿನ ಮಾತೂ ಹೌದು. ಆದರೆ ಪರೀಕ್ಷೆಯಲ್ಲಿ ಸರಿ ಉತ್ತರ "ಅನ್ವಯಿಸುವುದಿಲ್ಲ" ಎಂಬುದು. ನಿಯಮದಲ್ಲಿ ಏಳು ವರ್ಷದೊಳಗೆ ಎಂದಿದೆ. ಹೊಟ್ಟೆಯ ಸಂಕಟ ಎಷ್ಟೇ ಇರಲಿ, ಕೊಟ್ಟ ನಿಯಮವನ್ನು ಕೊಟ್ಟಷ್ಟೇ ಓದಬೇಕು. ಹಾಗಾದರೆ ಆ ಗಂಡ ಪಾರಾದನೇ? ಇಲ್ಲ. ಕ್ರೌರ್ಯದ ಕಲಮಿಗೆ ಏಳು ವರ್ಷದ ಗಡಿ ಇಲ್ಲ. ಅದು 1983ರಲ್ಲಿ ಬಂದ 498ಎ, ಈಗ ನ್ಯಾಯ ಸಂಹಿತೆಯ 85 ಮತ್ತು 86. ಕೊಲೆಯ ಕಲಮಿಗೂ ಆ ಗಡಿ ಇಲ್ಲ. ಯಾವ ಬಾಗಿಲು ಮುಚ್ಚಿದೆ ಎಂದು ಸರಿಯಾಗಿ ತಿಳಿದವರಿಗೇ ಯಾವುದು ತೆರೆದಿದೆ ಎಂದು ಕಾಣುತ್ತದೆ. ತಪ್ಪು ಕಲಮು ಹಿಡಿದು ಹಟ ಮಾಡಿ ಎಷ್ಟು ಪ್ರಕರಣಗಳು ಬಿದ್ದುಹೋಗುವುದಿಲ್ಲ!

ಇನ್ನೊಂದು ಕೇಳುತ್ತೇನೆ. ಮದುವೆಯಾಗಿ ಐದು ವರ್ಷ. ಹಿಂಸೆ ಕೊಟ್ಟದ್ದು ಸಾಯುವ ಒಂದು ತಿಂಗಳ ಮುಂಚೆ, ಸಾಯುವ ದಿನ ಏನೂ ಜಗಳವಿಲ್ಲ. "ಸ್ವಲ್ಪ ಮುಂಚೆ" ಎಂದರೆ ಎಷ್ಟು? ಒಂದು ದಿನವೋ, ಒಂದು ತಿಂಗಳೋ? ಕಾಯ್ದೆ ದಿನ ಎಣಿಸಿ ಹೇಳಿಲ್ಲ. ಸ್ವಲ್ಪ ಮುಂಚೆ ಎಂದರೆ ಆ ಕ್ಷಣವೇ ಆಗಬೇಕೆಂದಿಲ್ಲ, ಹಿಂಸೆಗೂ ಸಾವಿಗೂ ಜೀವಂತ ಸಂಬಂಧವಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟು 2021ರಲ್ಲಿ ಮತ್ತೊಮ್ಮೆ ಹೇಳಿತು. ಎರಡೇ ಪದಗಳ ಮೇಲೆ ಒಂದು ಸಾವಿನ ನ್ಯಾಯ ನಿಂತಿದೆ. ಇಂಥ ಪದಗಳನ್ನು ಹಿಂಜಿ ನೋಡುವ ಓದನ್ನು ಈ ಪರೀಕ್ಷೆ ಕೇಳುತ್ತದೆ. ಮಾತಿನ ಒಳಮಾತು ಹಿಡಿಯುವುದು ನಮಗೆ ಗೊತ್ತಿಲ್ಲವೇ? "ನಮಗೇನೂ ಬ್ಯಾಡ್ರಿ, ನಿಮ್ಮ ಮಗಳಿಗೆ ನೀವು ಏನು ಕೊಡ್ತೀರೋ ಕೊಡ್ರಿ" ಎಂದು ಬೀಗರು ಅಂದಾಗ ಅದರ ಅರ್ಥ ಎಷ್ಟು ತೊಲ ಎಂದು ಇಲ್ಲಿ ಯಾರಿಗೆ ತಿಳಿಯುವುದಿಲ್ಲ?

ತೊಡಕು ಇರುವುದು ಭಾಷೆಯಲ್ಲಿ. ಕ್ಲ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ. ಕೊಡುವ ಬರಹ ಒಂದೊಂದೂ 450 ಪದದವರೆಗೆ ಇರುತ್ತದೆ. ಪ್ರಾದೇಶಿಕ ಭಾಷೆಗಳಲ್ಲೂ ಪರೀಕ್ಷೆ ನಡೆಸಬೇಕೆಂದು 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಗಿತ್ತು. ಅದು ನ್ಯಾಯವಾದ ಬೇಡಿಕೆ, ನಾನೂ ಅದರ ಪರ. ಆದರೆ ನಮ್ಮ ಹುಡುಗಿ ಆ ತನಕ ಕಾಯುವ ಹಾಗಿಲ್ಲ. ಅವಳ ಕೈಯಲ್ಲಿ ಇರುವುದು ಒಂದೂವರೆ ವರ್ಷ.

ಆ ಒಂದೂವರೆ ವರ್ಷದಲ್ಲಿ ಏನು ಮಾಡಬೇಕು? ಕನ್ನಡ ಮಾಧ್ಯಮದ ಮಕ್ಕಳಿಗೆ ಇಷ್ಟು ವರ್ಷ ಕಲಿಸಿದ ಅನುಭವದಿಂದ ಹೇಳುತ್ತೇನೆ. ವ್ಯಾಕರಣದ ದಪ್ಪ ಪುಸ್ತಕ ತಂದು ಅಂಜಿಸಬೇಡಿ. ದಿನಾ ಮುಂಜಾನೆ ಮೊದಲು ಕನ್ನಡ ಪತ್ರಿಕೆಯಲ್ಲಿ ಒಂದು ಸುದ್ದಿ ಓದಲಿ. ಅದೇ ಸುದ್ದಿಯನ್ನು ಆಮೇಲೆ ಇಂಗ್ಲಿಷ್ ಪತ್ರಿಕೆಯಲ್ಲಿ ಓದಲಿ. ವಿಷಯ ಮೊದಲೇ ಗೊತ್ತಿರುವುದರಿಂದ ಪದಗಳು ತಾವೇ ಬಿಚ್ಚಿಕೊಳ್ಳುತ್ತವೆ. ಆರು ತಿಂಗಳ ಮೇಲೆ ಸಂಪಾದಕೀಯಕ್ಕೆ ಹೋಗಲಿ. ಪತ್ರಿಕೆ ಕೊಳ್ಳಲು ಆಗದಿದ್ದರೆ ಸಾರ್ವಜನಿಕ ಗ್ರಂಥಾಲಯವಿದೆ. ಇದರಿಂದ ಪ್ರಚಲಿತ ವಿದ್ಯಮಾನದ ತಯಾರಿಯೂ ಆದಂತಾಯಿತು.

ಸಂಜೆ ನಿಮ್ಮ ಕೆಲಸ. ನೀವು ರೊಟ್ಟಿ ಬಡಿಯುವಾಗ ಅವಳು ಎದುರಿಗೆ ಕೂತು, ಆ ದಿನ ಓದಿದ್ದನ್ನು ಕನ್ನಡದಲ್ಲಿ ನಿಮಗೆ ಹೇಳಬೇಕು. "ಬರದಾವ ಏನಂತಾನ? ಯಾಕ ಹಂಗ ಅಂತಾನ? ನಿನಗ ಖರೇ ಅನಸ್ತೈತೇನು?" ಈ ಮೂರು ಪ್ರಶ್ನೆ ನೀವು ಕೇಳಬೇಕು. ಇದಕ್ಕೆ ನಿಮಗೆ ಇಂಗ್ಲಿಷ್ ಬೇಡ, ಅಕ್ಷರವೂ ಬೇಡ. ಪ್ರಶ್ನೆಪತ್ರಿಕೆಯಲ್ಲಿ ಕೇಳುವುದೂ ಸುತ್ತಿ ಬಳಸಿ ಈ ಮೂರನ್ನೇ. ಹೇಳಲು ತಡವರಿಸಿದಳೆಂದರೆ ಓದಿದ್ದು ತಲೆಗೆ ಹತ್ತಿಲ್ಲ ಎಂದು ಅವಳಿಗೇ ಗೊತ್ತಾಗುತ್ತದೆ.

ಎರಡನೇ ವರ್ಷಕ್ಕೆ ಬಂದ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳು. ಪರೀಕ್ಷೆ ನಡೆಸುವವರೇ ಅವನ್ನು ಪುಕ್ಕಟೆ ಕೊಡುತ್ತಾರೆ. 2020ರಿಂದ ಪ್ರಶ್ನೆಗಳ ರೀತಿ ಬದಲಾಗಿದೆ, ಆದ್ದರಿಂದ ಅದಕ್ಕಿಂತ ಹಿಂದಿನವು ಅಷ್ಟು ಉಪಯೋಗವಿಲ್ಲ. ವಾರಕ್ಕೊಂದು ಸಲ ಎರಡು ತಾಸು ಗಡಿಯಾರ ಇಟ್ಟುಕೊಂಡು, ಎದ್ದೇಳದೆ ಬರೆಯಬೇಕು. ಆಮೇಲೆ ತಪ್ಪಿದ ಪ್ರಶ್ನೆಗಳನ್ನು ಕೂತು ನೋಡಬೇಕು. ಬರೆಯುವುದಕ್ಕಿಂತ ಇದಕ್ಕೇ ಹೆಚ್ಚು ಹೊತ್ತು ಹಿಡಿಯಬೇಕು.

ಎರಡು ತಾಸು ಎದ್ದೇಳದೆ ಎಂದೆ. ಇಲ್ಲೇ ನಿಜವಾದ ಕಷ್ಟ. ನಮ್ಮ ಮನೆಗಳಲ್ಲಿ ಯಾವ ಹುಡುಗಿ ಎರಡು ತಾಸು ಎದ್ದೇಳದೆ ಕೂತಿದ್ದಾಳೆ? ಅಣ್ಣನಿಗೆ ಚಹಾ, ಅಜ್ಜನಿಗೆ ಔಷಧ, ಬಾಗಿಲಲ್ಲಿ ಯಾರೋ ಕೂಗಿದರು. ನಳ ಬಂತೆಂದರೆ ಮುಗಿದೇ ಹೋಯಿತು. ದಿನಗಟ್ಟಲೆ ಕಾದು ಬರುವ ನೀರು, ಅವಳು ಪುಸ್ತಕ ಬಿಟ್ಟು ಕೊಡ ಹಿಡಿಯಲೇಬೇಕು. ಅದೇ ವಯಸ್ಸಿನ ತಮ್ಮ "ಓದಾಕತ್ತೀನಿ" ಎಂದರೆ ಮನೆಯೆಲ್ಲ ಪಿಸುಮಾತಿನಲ್ಲಿ ಮಾತಾಡುತ್ತದೆ. ಕೌಟುಂಬಿಕ ದೌರ್ಜನ್ಯ ಎಂದರೆ ಹೊಡೆತ ಒಂದೇ ಎಂದು ನಾವು ತಿಳಿದಿದ್ದೇವೆ. ಹುಡುಗಿಯ ಹೊತ್ತನ್ನು ಎಲ್ಲರೂ ಚೂರು ಚೂರು ಮಾಡಿ ಹಂಚಿಕೊಳ್ಳುವುದಕ್ಕೆ ಏನೆಂದು ಹೆಸರಿಡೋಣ? ಇದರಲ್ಲಿ ನಾವು ತಾಯಂದಿರೂ ಪಾಲುದಾರರು. ವಾರಕ್ಕೆ ಎರಡು ತಾಸು ಅವಳನ್ನು ಯಾರೂ ಕೂಗಬಾರದು. ನಿಮ್ಮ ಮನೆಯಲ್ಲಿ ಆಗದಿದ್ದರೆ ಸಂಘದ ಯಾರಾದರೂ ಒಬ್ಬರ ಮನೆಯಲ್ಲಿ ಆಗಲಿ.

ದುಡ್ಡಿನ ಮಾತಿಗೆ ಬರುತ್ತೇನೆ. ಅರ್ಜಿಗೇ ನಾಲ್ಕು ಸಾವಿರ ರೂಪಾಯಿ, ಪರಿಶಿಷ್ಟರಿಗೂ ಬಡತನ ರೇಖೆಯ ಕೆಳಗಿನವರಿಗೂ ಮೂರೂವರೆ ಸಾವಿರ. ಬಡವರ ಮಕ್ಕಳಿಗೆ ಕೇವಲ ಐನೂರು ಕಡಿಮೆ! ಕೋಚಿಂಗ್ ಎಂದು ದೊಡ್ಡ ಮೊತ್ತ ಕೇಳುವವರಿದ್ದಾರೆ. ಅದಿಲ್ಲದೆ ಆಗುವುದೇ ಇಲ್ಲ ಎಂಬ ಮಾತನ್ನು ನಂಬಬೇಡಿ. 2010ರಲ್ಲಿ ಪ್ರೊಫೆಸರ್ ಶಮ್ನಾದ್ ಬಷೀರ್ ಅವರು ಇಡಿಯಾ ಎಂಬ ಸಂಸ್ಥೆ ಕಟ್ಟಿದರು. ಬೆಂಗಳೂರಿನ ಲಾ ಸ್ಕೂಲಿನಲ್ಲೇ ಓದಿದವರು ಅವರು. ಬಡ ಮತ್ತು ಹಿಂದುಳಿದ ಮನೆಗಳ ಮಕ್ಕಳನ್ನು ಹುಡುಕಿ ಈ ಪರೀಕ್ಷೆಗೆ ತಯಾರು ಮಾಡುವುದು ಅದರ ಕೆಲಸ. 2019ರಲ್ಲಿ ಅವರು ತೀರಿಕೊಂಡರು, ಸಂಸ್ಥೆ ನಡೆಯುತ್ತಿದೆ. ಅವರಿಗೆ ಬರೆದು ಕೇಳಬೇಕು. ಕೇಳುವುದಕ್ಕೆ ನಾಚಿಕೆ ಬೇಡ.

ಪ್ರವೇಶ ಸಿಕ್ಕ ಮೇಲೆ ವರ್ಷಕ್ಕೆ ಲಕ್ಷಗಟ್ಟಲೆ ಖರ್ಚು. ಇದನ್ನು ಮುಚ್ಚಿಟ್ಟು ಹೇಳಲಾರೆ. ವಿದ್ಯಾರ್ಥಿವೇತನವಿದೆ, ಬ್ಯಾಂಕಿನ ಶಿಕ್ಷಣ ಸಾಲವಿದೆ. ಬೆಂಗಳೂರಿನ ಲಾ ಸ್ಕೂಲಿನಲ್ಲಿ, ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದ ಮಕ್ಕಳಿಗೆ ನೂರಕ್ಕೆ 25ರಷ್ಟು ಸ್ಥಾನ ಮೀಸಲಿದೆ. ಜಾತಿ, ಆದಾಯದ ಪ್ರಮಾಣಪತ್ರ, ಓದಿದ ಸಾಲಿಗಳ ದಾಖಲೆ ಈಗಲೇ ಸರಿ ಮಾಡಿಟ್ಟುಕೊಳ್ಳಿ. ಹೆಸರಿನ ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಕೊನೆಯ ಗಳಿಗೆಯಲ್ಲಿ ಅಲೆದಾಡಬೇಕಾಗುತ್ತದೆ.

ನಿಮ್ಮ ಪುಸ್ತಕವನ್ನು ಈಗ ಸ್ವಲ್ಪ ತಿರುವಿ ನೋಡಿದೆ, ಕ್ಷಮಿಸಿ. ಸಾಲದ ಕಾರಣ ಎಂಬ ಕಾಲಮ್ಮಿನಲ್ಲಿ ಆಕಳು, ಹೊಲಿಗೆ ಯಂತ್ರ, ಆಸ್ಪತ್ರೆ ಇವೆ. ಎಲ್ಲಕ್ಕಿಂತ ಹೆಚ್ಚು ಇರುವುದು "ಮಗಳ ಮದುವೆ". ಆ ಸಾಲದಲ್ಲಿ ಊಟಕ್ಕೆಷ್ಟು, ಬಂಗಾರಕ್ಕೆಷ್ಟು, ವರನ ಕೈಗೆಷ್ಟು ಎಂದು ಪುಸ್ತಕದಲ್ಲಿ ಬರೆದಿಲ್ಲ, ಬರೆಯುವ ಹಾಗೂ ಇಲ್ಲ. 1961ರ ಕಾಯ್ದೆಯ ಪ್ರಕಾರ ತೆಗೆದುಕೊಳ್ಳುವುದರ ಜೊತೆಗೆ ಕೊಡುವುದೂ ಅಪರಾಧ. ವರದಕ್ಷಿಣೆಯ ವಿರುದ್ಧ ಮೆರವಣಿಗೆಯಲ್ಲಿ ಘೋಷಣೆ ಕೂಗಿದ ನಾವೇ ಕೂಡಿಟ್ಟ ಹಣದಿಂದ ವರದಕ್ಷಿಣೆ ಹೋಗುತ್ತಿದೆ. ಸಿಟ್ಟಾಗಬೇಡಿ, ನನ್ನ ಮನೆಯ ಮದುವೆಗಳಲ್ಲೂ ನಾನು ಎಲ್ಲ ಕಡೆ ತಡೆದು ನಿಂತಿಲ್ಲ. ಆದರೆ ಆ ಕಾಲಮ್ಮಿನಲ್ಲಿ "ಮಗಳ ಓದು" ಎಂದು ಒಂದೇ ಒಂದು ಕಡೆ ಕಂಡಿತು. ಅದೂ ಟೈಪಿಂಗ್ ತರಗತಿಗೆ, ಎಂಟುನೂರು ರೂಪಾಯಿ. ನಾಲ್ಕು ಸಾವಿರದ ಅರ್ಜಿ ಫೀಗೆ ಸಾಲ ಕೊಡುವುದೋ ಬೇಡವೋ ಎಂದು ಮುಂದಿನ ವಾರ ನೀವು ಠರಾವು ಮಾಡಬಹುದು. ಮದುವೆಗೆ ಐವತ್ತು ಸಾವಿರ ಕೊಡುವಾಗ ಎತ್ತಿದ ಕೈ ಇದಕ್ಕೂ ಏಳುತ್ತದೋ ನೋಡೋಣ.

ಖರೇ ಹೇಳಬೇಕೆಂದರೆ, ಬರೆದವರಲ್ಲಿ ಬಹಳ ಮಂದಿಗೆ ಸಿಗುವುದಿಲ್ಲ. ಬರೆಯುವವರು ಹತ್ತಾರು ಸಾವಿರ, ಸ್ಥಾನಗಳು ಕೆಲವೇ ಸಾವಿರ. ಆಗ ಆ ಹುಡುಗಿಯ ತಯಾರಿ ನೀರಲ್ಲಿ ಹೋಮವೇ? "ನೋಡಿದೆಯಾ, ಆಗಲಿಲ್ಲ, ಇನ್ನು ಗಂಡು ನೋಡೋಣ" ಎನ್ನಲು ಕಾಯುವವರು ಮನೆಯಲ್ಲೇ ಇರುತ್ತಾರೆ. ಅದಕ್ಕೇ ಎರಡನೇ ಬಾಗಿಲನ್ನು ಮೊದಲೇ ತಿಳಿದಿರಬೇಕು.

ಆ ಬಾಗಿಲು ಎಲ್ಲಿದೆ? ಇಲ್ಲಿಂದ ಹುಬ್ಬಳ್ಳಿ ಕಡೆಗೆ ಹೊರಟರೆ ನವನಗರ. ಅಲ್ಲಿರುವುದು ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. 2009ರಿಂದ ಇದೆ, ರಾಜ್ಯದ ಕಾನೂನು ಕಾಲೇಜುಗಳೆಲ್ಲ ಅದರ ಕೆಳಗೆ ಬರುತ್ತವೆ. ಚಿಗರಿ ಬಸ್ಸಿನಲ್ಲಿ ದಿನಾ ಅದರ ಮುಂದೆ ಹಾಯುತ್ತೇವೆ, ನಮ್ಮಲ್ಲಿ ಎಷ್ಟು ಜನ ಒಳಗೆ ಹೋಗಿದ್ದೇವೆ? ಅತ್ತ ಧಾರವಾಡ ದಾಟಿದರೆ ಹೈಕೋರ್ಟಿನ ಪೀಠ. 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆಯಿತು. ಅದು ಬರಲೆಂದು ವಕೀಲರು ವರ್ಷಗಟ್ಟಲೆ ಹೋರಾಡಿದರು. ಈ ಎರಡರ ನಡುವೆ ನಾವಿದ್ದೇವೆ. ಹುಬ್ಬಳ್ಳಿ-ಧಾರವಾಡದ ಕಾನೂನು ಕಾಲೇಜುಗಳಲ್ಲಿ ಪಿಯುಸಿ ನಂತರದ ಐದು ವರ್ಷದ ಓದಿಗೆ ಪಿಯುಸಿ ಅಂಕದ ಮೇಲೆ ಪ್ರವೇಶ, ಕ್ಲ್ಯಾಟ್ ಬೇಕಿಲ್ಲ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಪದವಿ ಮುಗಿಸಿದವರಿಗೆ ಮೂರು ವರ್ಷದ ಓದು ಬೇರೆ ಇದೆ. ನಿಮ್ಮಲ್ಲಿ ಬಿ.ಎ., ಬಿ.ಕಾಂ. ಮಾಡಿ ಮನೆಯಲ್ಲಿ ಕೂತ ಸೊಸೆಯಂದಿರಿದ್ದಾರಲ್ಲ, ಅವರಿಗೆ ಹೇಳುತ್ತಿದ್ದೇನೆ. ಎರಡು ವರ್ಷ ದಿನಾ ಪತ್ರಿಕೆ ಓದಿ, ವಾದ ಹಿಂಜಿ ನೋಡಿದ ಹುಡುಗಿ ಈ ಕಾಲೇಜುಗಳ ಯಾವುದೇ ತರಗತಿಯಲ್ಲಿ ಮುಂದೆ ಕೂರುತ್ತಾಳೆ.

ಇದನ್ನು ಸೋತವರ ಬಾಗಿಲು ಎನ್ನಬೇಡಿ. ಹೆಣ್ಣುಮಕ್ಕಳಿಗೆ ಒಂದು ಕಾಲಕ್ಕೆ ಯಾವ ಬಾಗಿಲೂ ಇರಲಿಲ್ಲ. 1916ರಲ್ಲಿ ರೆಜಿನಾ ಗುಹಾ ಎಂಬಾಕೆ ಕಾನೂನು ಪದವಿ ಪಡೆದು ವಕೀಲಿ ಮಾಡಲು ಅನುಮತಿ ಕೇಳಿದಾಗ ಕಲ್ಕತ್ತಾ ಹೈಕೋರ್ಟು ಆಗದು ಎಂದಿತು. 1923ರ ಕಾಯ್ದೆ ಬಂದ ಮೇಲೆಯೇ ದೇಶದೆಲ್ಲೆಡೆ ಹೆಣ್ಣುಮಕ್ಕಳಿಗೆ ಆ ಹಕ್ಕು ಸಿಕ್ಕಿತು. ನಮ್ಮ ಬಳ್ಳಾರಿಯಲ್ಲಿ ವಕೀಲಿ ಆರಂಭಿಸಿದ ಮಂಜುಳಾ ಚೆಲ್ಲೂರ್ ಅವರು 2000ದಲ್ಲಿ ಕರ್ನಾಟಕ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಮುಂದೆ ಕೇರಳ, ಕಲ್ಕತ್ತಾ, ಬೊಂಬಾಯಿ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯೂ ಆದರು. ಅವರ ಕಾಲಕ್ಕೆ ಕ್ಲ್ಯಾಟ್ ಎಂಬುದು ಇರಲೇ ಇಲ್ಲ.

ಓದು ಮುಗಿದ ಮೇಲೆ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಲು ಹಲವು ಸಾವಿರ ರೂಪಾಯಿ ಕಟ್ಟಬೇಕಾಗುತ್ತಿತ್ತು. ಕಾಯ್ದೆಯಲ್ಲಿ ಹೇಳಿದ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ತೀರ್ಪು ಕೊಟ್ಟಿದೆ. ನಿಮ್ಮ ಮಗಳು ಅಲ್ಲಿಗೆ ಮುಟ್ಟಿದಾಗ ಯಾರಾದರೂ ಹೆಚ್ಚು ಕೇಳಿದರೆ ಈ ತೀರ್ಪು ನೆನಪಿರಲಿ.

ಒಂದು ತಮಾಷೆಯನ್ನೂ ಹೇಳಬೇಕು. 2024ರ ಡಿಸೆಂಬರಿನಲ್ಲಿ ನಡೆದ ಕ್ಲ್ಯಾಟಿನ ಉತ್ತರಗಳಲ್ಲೇ ತಪ್ಪಿದೆ ಎಂದು ಪರೀಕ್ಷೆ ಬರೆದ ಹುಡುಗನೊಬ್ಬ ದೆಹಲಿ ಹೈಕೋರ್ಟಿಗೆ ಹೋದ. ಎರಡು ಪ್ರಶ್ನೆಗಳ ಮಟ್ಟಿಗೆ ಅವನ ಮಾತು ಸರಿ ಎಂದು ಆ ತಿಂಗಳೇ ಕೋರ್ಟು ಹೇಳಿತು. ಆಮೇಲೆ ಅದು ಸುಪ್ರೀಂ ಕೋರ್ಟಿನವರೆಗೂ ಹೋಗಿ 2025ರ ಮೇ ತಿಂಗಳಲ್ಲಿ ಇತ್ಯರ್ಥವಾಯಿತು. ಕಾನೂನು ಓದುವ ಮುಂಚೆಯೇ, ನೀವು ಬರೆದದ್ದು ತಪ್ಪು ಎಂದು ಕಾನೂನು ಶಾಲೆಯವರಿಗೇ ಹೇಳಿದ ಮಕ್ಕಳಿವರು. ನಾಲ್ಕನೇ ಪ್ಯಾರಾಕ್ಕೆ ಬೆರಳಿಟ್ಟು, "ಇದು ಖರೇ ಅಲ್ಲ, ನಾ ಸಹಿ ಮಾಡೂದಿಲ್ಲ" ಎನ್ನುವ ಹುಡುಗಿ ನನಗೆ ಅವರಲ್ಲಿ ಕಾಣುತ್ತಾಳೆ.

ಆ ನನ್ನ ವಿದ್ಯಾರ್ಥಿನಿ ಏನಾದಳು ಎಂದು ಯಾರೋ ಕೇಳಿದಿರಿ. ಖಾನಾವಳಿ ನಡೆಸಿ ಮಗನನ್ನು ಬೆಳೆಸಿದಳು. ಬಂಗಾರ ಬರಲೇ ಇಲ್ಲ. ಈಗಲೂ ಯಾವ ಹಾಳೆಗೆ ಸಹಿ ಮಾಡುವುದಿದ್ದರೂ, ಗ್ಯಾಸಿನ ಚೀಟಿಯಾಗಲಿ ಬ್ಯಾಂಕಿನ ಅರ್ಜಿಯಾಗಲಿ, ಪೂರ್ತಿ ಓದದೆ ಪೆನ್ನು ಮುಟ್ಟುವುದಿಲ್ಲ. ಹಿಂದೆ ನಿಂತವರು ಬೈಯುತ್ತಾರಂತೆ, ಬೈಯಲಿ ಎನ್ನುತ್ತಾಳೆ.

ಇನ್ನು ನಮ್ಮ ಪಿಯುಸಿ ಹುಡುಗಿ. ಅಗೋ, ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಾಳೆ. ಅವಳ ಅಪ್ಪನಿಗೆ ನಾನೇ ಬಂದು ಮಾತಾಡುತ್ತೇನೆ. ಮುಂದಿನ ವರ್ಷದ ಡಿಸೆಂಬರ್ ದಾಟುವವರೆಗೆ ಆ ಮನೆಗೆ ಯಾರೂ ಗಂಡಿನ ಸುದ್ದಿ ತರಬಾರದು, ಇದು ಸಂಘದ ಎಲ್ಲರಲ್ಲೂ ನನ್ನ ವಿನಂತಿ. ಬರುವ ರವಿವಾರ ಮುಂಜಾನೆ ಹತ್ತಕ್ಕೆ ಇಲ್ಲೇ ಮೊದಲ ಪ್ರಶ್ನೆಪತ್ರಿಕೆ ಬರೆಸೋಣ. ಅವಳ ಜೊತೆ ಇನ್ನೂ ನಾಲ್ಕು ಹುಡುಗಿಯರು ಬಂದರೆ ಒಳ್ಳೆಯದು. ಪತ್ರಿಕೆಯ ಪ್ರತಿ ನಾನು ತರುತ್ತೇನೆ, ಗೋಡೆ ಗಡಿಯಾರ ನಿಮ್ಮಲ್ಲಿ ಯಾರಾದರೂ ತನ್ನಿ. ಅಂದು ನಳ ಬರುವ ಸರದಿ ಇದ್ದರೆ ಶನಿವಾರವೇ ತಿಳಿಸಿ, ಹೊತ್ತು ಬದಲಿಸೋಣ. ಇಲ್ಲವೇ ಅವರ ಮನೆಯ ಕೊಡ ನಾವು ಹಿಡಿಯೋಣ.